ಅಡಿಕೆ ಮರ ಏರುವವರ ಸುರಕ್ಷತೆ: ಹಗ್ಗ, ಗಂಟು ಮತ್ತು ಎಚ್ಚರ



ಮೇ ತಿಂಗಳು ಮುಗಿಯುತ್ತಾ ಬಂತೆಂದರೆ ನಮ್ಮ ಮಲೆನಾಡು ಮತ್ತು ಕರಾವಳಿಯ ಅಡಿಕೆ ಬೆಳೆಗಾರರ ಬಾಯಲ್ಲಿ ಒಂದೇ ಮಾತು: "ಮದ್ದು ಹೊಡೆಯಲು ಜನ ಸಿಕ್ಕಿದರೇ?" ಮುಂಗಾರು ಹಿಡಿಯುವ ಮೊದಲು ಒಂದು ಸಲ, ಆಮೇಲೆ ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ದ್ರಾವಣ ಗೊನೆಗೆ ತಾಗಲೇಬೇಕು. ತಪ್ಪಿದರೆ ಕೊಳೆರೋಗ ಬಂದು ಕಾಯಿ ನೆಲಕ್ಕೆ ಉದುರುತ್ತದೆ. ಮಳೆ ಕಳೆದ ಮೇಲೆ ಕೊನೆ ಕೊಯ್ಲು. ಹೀಗೆ ವರ್ಷದಲ್ಲಿ ಹಲವು ಸಲ ಯಾರೋ ಒಬ್ಬರು ಐವತ್ತು ಅರುವತ್ತು ಅಡಿ ಎತ್ತರದ, ತೊಡೆಯಷ್ಟೂ ದಪ್ಪವಿಲ್ಲದ ಮರದ ತುದಿಗೆ ಏರಬೇಕು.

ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ವಿಜ್ಞಾನಿ ಕೊಳೆರೋಗವನ್ನು ಅಭ್ಯಾಸ ಮಾಡಿ, ಬೋರ್ಡೋ ದ್ರಾವಣ ಸಿಂಪಡಿಸಿದರೆ ಬೆಳೆ ಉಳಿಯುತ್ತದೆಂದು ತೋರಿಸಿಕೊಟ್ಟದ್ದು 1910ರ ಸುಮಾರಿಗೆ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಾವು ಅಡಿಕೆಯನ್ನು ಹೇಗೆ ಕಾಪಾಡಬೇಕೆಂದು ಕಲಿತಿದ್ದೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಮನೆಯ ಮಕ್ಕಳಿಗೂ ಬಾಯಿಪಾಠ. ಆದರೆ ಆ ದ್ರಾವಣವನ್ನು ಮೇಲಕ್ಕೆ ಒಯ್ಯುವ ಮನುಷ್ಯನನ್ನು ಕಾಪಾಡುವ ಲೆಕ್ಕ ನಮಗೆ ಅಷ್ಟೇ ಚೆನ್ನಾಗಿ ಗೊತ್ತಿದೆಯೇ? ಇಂದಿನ ಮಾತು ಅದರ ಬಗ್ಗೆ.

ಬಿದ್ದರೆ ಏನಾಗುತ್ತದೆ?

"ನಲವತ್ತು ವರ್ಷದಿಂದ ಏರುತ್ತಿದ್ದೇನೆ, ಏನೂ ಆಗಿಲ್ಲ" ಎಂದು ಹಿರಿಯ ಕೊನೆಗೌಡರು ಹೇಳುವುದುಂಟು. ಅವರ ಕೈಚಳಕಕ್ಕೆ ತಲೆಬಾಗಲೇಬೇಕು. ಆದರೆ ಭೂಮಿಯ ಸೆಳೆತಕ್ಕೆ ಅನುಭವಸ್ಥ, ಹೊಸಬ ಎಂಬ ಭೇದವಿಲ್ಲ. ಐವತ್ತು ಅಡಿ ಎತ್ತರದಿಂದ ಕೈ ತಪ್ಪಿದರೆ ನೆಲ ಮುಟ್ಟಲು ಬೇಕಾಗುವ ಸಮಯ ಸುಮಾರು ಒಂದೂಮುಕ್ಕಾಲು ಸೆಕೆಂಡು. ನೆಲ ಮುಟ್ಟುವಾಗಿನ ವೇಗ ಗಂಟೆಗೆ 60 ಕಿಲೋಮೀಟರಿಗೂ ಹೆಚ್ಚು. ಆ ಹೊತ್ತಿನಲ್ಲಿ ಏನನ್ನಾದರೂ ಹಿಡಿದುಕೊಳ್ಳುತ್ತೇನೆ ಎಂಬುದು ಆಗದ ಮಾತು. ಹಿಡಿದುಕೊಳ್ಳುವ ಕೆಲಸವನ್ನು ಮೊದಲೇ ಕಟ್ಟಿಟ್ಟ ಹಗ್ಗ ಮಾಡಬೇಕು.

ಬಿದ್ದವರಲ್ಲಿ ಜೀವ ಉಳಿದವರ ಕಷ್ಟವೂ ಕಡಿಮೆಯಲ್ಲ. ಬೆನ್ನುಮೂಳೆ ಮುರಿದು ನರಹುರಿಗೆ ಪೆಟ್ಟಾದರೆ ಸೊಂಟದ ಕೆಳಗೆ ಸ್ವಾಧೀನ ತಪ್ಪುತ್ತದೆ. ದುಡಿಯುವ ಮನುಷ್ಯ ಹಾಸಿಗೆ ಹಿಡಿದರೆ ಆ ಮನೆಯ ಹೆಂಗಸರು, ಮಕ್ಕಳು, ಅವರ ಓದು ಎಲ್ಲವೂ ಅದರೊಂದಿಗೇ ಬೀಳುತ್ತವೆ. ಅನೇಕ ಮನೆಗಳಲ್ಲಿ ತಂದೆಯ ಕಸುಬನ್ನು ಮಗ ಮುಂದುವರಿಸದೆ ಇರುವುದಕ್ಕೆ ಈ ಭಯವೂ ಒಂದು ಕಾರಣ. ಆದ್ದರಿಂದ ಇದು ಏರುವವರ ಪ್ರಶ್ನೆ ಮಾತ್ರವಲ್ಲ, ತೋಟದ ನಾಳೆಯ ಪ್ರಶ್ನೆಯೂ ಹೌದು.

ಏರುವ ಮೊದಲು ಮರ ನೋಡಿ

ಎಲ್ಲ ಮರವೂ ಏರಲು ತಕ್ಕ ಮರವಲ್ಲ. ಹಗ್ಗ ಎಷ್ಟೇ ಗಟ್ಟಿಯಾಗಿರಲಿ, ಅದನ್ನು ಕಟ್ಟಿದ ಮರವೇ ಮುರಿದರೆ ಪ್ರಯೋಜನವೇನು? ಬುಡದಿಂದ ತುದಿಯವರೆಗೆ ಒಮ್ಮೆ ಕಣ್ಣು ಹಾಯಿಸಿ. ಬುಡದಲ್ಲಿ ಅಣಬೆ ಎದ್ದಿದೆಯೇ, ಕಂದು ಬಣ್ಣದ ರಸ ಸೋರಿದೆಯೇ ನೋಡಿ. ಅಣಬೆ ರೋಗ ಹಿಡಿದ ಮರದ ಬೇರು ಮತ್ತು ಬುಡ ಒಳಗೇ ಕೊಳೆತಿರುತ್ತವೆ. ಕಾಂಡದ ನೈರುತ್ಯದ ಕಡೆ, ಅಂದರೆ ಮಧ್ಯಾಹ್ನದ ನಂತರದ ಬಿಸಿಲು ಬೀಳುವ ಕಡೆ, ಸುಟ್ಟಂತೆ ಬಣ್ಣ ತಿರುಗಿ ಬಿರುಕು ಬಿಟ್ಟಿದ್ದರೆ ಆ ಮರ ಗಾಳಿಗೆ ಅಲ್ಲೇ ಮುರಿಯುವ ಸಂಭವವುಂಟು. ತುದಿ ಸಣ್ಣಗಾಗಿ ಸೋಗೆ ಹಳದಿಯಾದ ಮರ, ನಡುವೆ ತೂತು ಬಿದ್ದ ಮರ, ಪಕ್ಕಕ್ಕೆ ವಾಲಿದ ಮರ, ಇವುಗಳಿಗೆ ಬಣ್ಣದ ಗುರುತು ಹಾಕಿ "ಏರಬಾರದು" ಎಂದು ತೋಟದ ಯಜಮಾನರೇ ಮೊದಲೇ ತಿಳಿಸಬೇಕು. ಕತ್ತಿಯ ಹಿಂಬದಿಯಿಂದ ತಟ್ಟಿ ನೋಡುವ ಹಳೆಯ ರೂಢಿ ಒಳ್ಳೆಯದು. ಟೊಳ್ಳು ಮರ ಬೇರೆಯೇ ಸದ್ದು ಕೊಡುತ್ತದೆ.

ಮರದ ಜೊತೆಗೆ ಆಕಾಶವನ್ನೂ ನೋಡಿ. ಮಳೆ ಬಿಟ್ಟ ಕೂಡಲೇ ಏರಬೇಡಿ. ಪಾಚಿ ಕಟ್ಟಿದ ಕಾಂಡ ಎಣ್ಣೆ ಹಚ್ಚಿದಂತಿರುತ್ತದೆ. ಗುಡುಗಿನ ಸದ್ದು ಕೇಳಿದರೆ ಕೆಲಸ ನಿಲ್ಲಿಸಿ ಇಳಿಯಿರಿ. ಗಾಳಿಗೆ ಮರಗಳ ತಲೆಗಳು ಒಂದಕ್ಕೊಂದು ತಾಗುವಂತಿದ್ದರೆ ಆ ದಿನದ ಕೆಲಸ ಬಿಡಿ. ಕಣಜ, ಹೆಜ್ಜೇನಿನ ಗೂಡು ಇದೆಯೇ ಎಂದು ಕೆಳಗಿನಿಂದಲೇ ವಿಚಾರಿಸಿಕೊಳ್ಳಿ. ಮೇಲೆ ಹೋದ ಮೇಲೆ ತಿಳಿದರೆ ಕೈ ಬಿಡುವ ಹಾಗೂ ಇಲ್ಲ, ಓಡುವ ಹಾಗೂ ಇಲ್ಲ.

ವಿದ್ಯುತ್ ತಂತಿ

ತೋಟದ ಮೇಲೋ ಅಂಚಿನಲ್ಲೋ ವಿದ್ಯುತ್ ತಂತಿ ಹಾದುಹೋಗಿದ್ದರೆ ಅದರ ಪಕ್ಕದ ಸಾಲಿನ ಮರಗಳಿಗೆ ಲೈನ್ ಬಂದ್ ಮಾಡಿಸದೆ ಕೈ ಹಾಕಬೇಡಿ. ಮೇಲಿದ್ದವರು ಮಾತ್ರವಲ್ಲ, ನೆಲದ ಮೇಲೆ ನಿಂತು ದೋಟಿ ಹಿಡಿದವರಿಗೂ ಅಪಾಯ ಅಷ್ಟೇ. ಅಲ್ಯುಮಿನಿಯಂ ದೋಟಿಯಲ್ಲಿ ವಿದ್ಯುತ್ ಹರಿಯುವುದು ಎಲ್ಲರಿಗೂ ಗೊತ್ತು. ಇತ್ತೀಚಿನ ವರ್ಷಗಳಲ್ಲಿ ಬಂದಿರುವ ಹಗುರವಾದ ಕಾರ್ಬನ್ ಫೈಬರ್ ದೋಟಿಯಲ್ಲಿಯೂ ವಿದ್ಯುತ್ ಹರಿಯುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ಅದು ಲೋಹವಲ್ಲ, ಆದ್ದರಿಂದ ಭಯವಿಲ್ಲ ಎಂದು ನಂಬಬೇಡಿ. ಒದ್ದೆಯಾದ ಬಿದಿರೂ ನಂಬಿಕೆಗೆ ಯೋಗ್ಯವಲ್ಲ.

ಸೊಂಟಪಟ್ಟಿ ಸಾಲದು

ಈಗ ಸಲಕರಣೆಯ ವಿಚಾರ. ಕಾಲಿಗೆ ಹಾಕುವ ಹಗ್ಗದ ಬಳೆ, ನಮ್ಮ ಕಡೆಯ ತಳೆ, ಏರಲು ನೆರವಾಗುತ್ತದೆ. ಅದು ಬೀಳುವುದನ್ನು ತಡೆಯುವುದಿಲ್ಲ. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಕೂಡ ಪೂರ್ತಿ ರಕ್ಷಣೆಯಲ್ಲ. ಬಿದ್ದಾಗ ಇಡೀ ದೇಹದ ಎಳೆತ ಹೊಟ್ಟೆಯ ಮೇಲೆ ಬೀಳುತ್ತದೆ, ಮನುಷ್ಯ ತಲೆಕೆಳಗಾಗಿ ಜಾರಿಹೋಗಲೂಬಹುದು. ಬೇಕಾದದ್ದು ತೊಡೆ, ಸೊಂಟ, ಎದೆ ಮತ್ತು ಹೆಗಲನ್ನು ಒಟ್ಟಿಗೆ ಹಿಡಿಯುವ ಫುಲ್ ಬಾಡಿ ಹಾರ್ನೆಸ್. ಕೊಳ್ಳುವಾಗ ಐ.ಎಸ್. 3521 ಎಂಬ ಭಾರತೀಯ ಮಾನಕದ ಗುರುತು ಇದೆಯೇ ನೋಡಿ. ಕಟ್ಟಡದ ಕೆಲಸದ ಸಾಮಾನು ಮಾರುವ ಅಂಗಡಿಗಳಲ್ಲಿ ಇದು ಸಿಗುತ್ತದೆ. ಜೊತೆಗೆ ಗಲ್ಲಪಟ್ಟಿ ಇರುವ ಹೆಲ್ಮೆಟ್, ಮದ್ದು ಹೊಡೆಯುವಾಗ ಕಣ್ಣಿಗೆ ಕನ್ನಡಕ.

ಜೀವಕ್ಕೆ ಕಟ್ಟುವ ಹಗ್ಗ ಬೇರೆ, ಗೊನೆ ಇಳಿಸುವ ಹಗ್ಗ ಬೇರೆ. ಇದನ್ನು ಗಟ್ಟಿಯಾಗಿ ನೆನಪಿಡಿ. ತೆಂಗಿನ ನಾರಿನ ಹಗ್ಗ, ದನ ಕಟ್ಟುವ ಪ್ಲಾಸ್ಟಿಕ್ ಹಗ್ಗ, ಬಾವಿಯ ಹಗ್ಗ, ಇವಾವುವೂ ಜೀವಕ್ಕೆ ಕಟ್ಟುವ ಹಗ್ಗವಲ್ಲ. ಅದಕ್ಕೆ ಒಳಗೆ ಎಳೆಗಳ ತಿರುಳು, ಹೊರಗೆ ಹೆಣೆದ ಹೊದಿಕೆ ಇರುವ, 11 ಮಿಲಿಮೀಟರ್ ದಪ್ಪದ, ಏರುವ ಕೆಲಸಕ್ಕೆಂದೇ ತಯಾರಿಸಿದ ಹಗ್ಗ ಬೇಕು.

ಹಗ್ಗಕ್ಕೂ ಆಯುಸ್ಸುಂಟು. ಬಿಸಿಲು ನೈಲಾನನ್ನು ಮೆಲ್ಲಗೆ ಕೊಲ್ಲುತ್ತದೆ. ಆಮ್ಲ ತಾಗಿದರೆ ಹೊರಗೆ ಏನೂ ಕಾಣದಿದ್ದರೂ ಒಳಗಿನ ಬಲ ಹೋಗಿರುತ್ತದೆ. ಆದ್ದರಿಂದ ಹಗ್ಗವನ್ನು ಬ್ಯಾಟರಿ, ಗೊಬ್ಬರದ ಚೀಲ, ಮೈಲುತುತ್ತದ ಡಬ್ಬಿಗಳ ಪಕ್ಕದಲ್ಲಿ ಇಡಬೇಡಿ. ಮದ್ದು ತಾಗಿದ ಹಗ್ಗವನ್ನು ಅಂದಿನ ಸಂಜೆಯೇ ಬರಿ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಪ್ರತಿದಿನ ಬೆಳಿಗ್ಗೆ ಇಡೀ ಹಗ್ಗವನ್ನು ಅಂಗೈಯಲ್ಲಿ ಹಿಡಿದು ಗೇಣು ಗೇಣಾಗಿ ಜಾರಿಸಿ ನೋಡಿ. ಎಲ್ಲಾದರೂ ಮೆತ್ತಗಾಗಿದ್ದರೆ, ಉಬ್ಬಿದ್ದರೆ, ಹೊದಿಕೆ ಹರಿದಿದ್ದರೆ, ಕತ್ತಿಯ ಗೀರು ಕಂಡರೆ, ಜೋರಾದ ಒಂದು ಬೀಳುವಿಕೆಯನ್ನು ಅದು ತಡೆದಿದ್ದರೆ, ಆ ಹಗ್ಗದ ಕೆಲಸ ಮುಗಿಯಿತು. ತುಂಡು ಮಾಡಿ ದನ ಕಟ್ಟಲು ಬಳಸಿ. ಇಡೀ ಇಟ್ಟರೆ ಇನ್ನೊಬ್ಬರು ತಿಳಿಯದೆ ಅದನ್ನೇ ಕಟ್ಟಿಕೊಂಡು ಏರುತ್ತಾರೆ.

ಸಡಿಲ ಬಿಟ್ಟ ಹಗ್ಗ ಶತ್ರು

ಹಗ್ಗ ಇದ್ದರೆ ಸಾಕು, ಉದ್ದ ಎಷ್ಟಿದ್ದರೇನು ಎಂದು ಕೇಳುವವರಿದ್ದಾರೆ. ಒಂದು ಲೆಕ್ಕ ನೋಡಿ. 60 ಕಿಲೋ ತೂಕದ ಮನುಷ್ಯ ಆರು ಅಡಿ ಸಡಿಲ ಹಗ್ಗದಲ್ಲಿ ಬಿದ್ದು, ಅರ್ಧ ಅಡಿಯೊಳಗೆ ಹಗ್ಗ ಅವನನ್ನು ಗಕ್ಕನೆ ನಿಲ್ಲಿಸಿತೆಂದುಕೊಳ್ಳಿ. ಅವನ ದೇಹದ ಮೇಲೆ ಬೀಳುವ ಎಳೆತ ಸರಾಸರಿ 780 ಕಿಲೋ, ಅಂದರೆ ಅವನ ತೂಕದ ಹದಿಮೂರು ಪಾಲು. ಅದೇ ಮನುಷ್ಯ ಅರ್ಧ ಅಡಿ ಮಾತ್ರ ಜಾರಿ, ಅರ್ಧ ಅಡಿಯೊಳಗೆ ನಿಂತರೆ ಎಳೆತ 120 ಕಿಲೋ. ಮನುಷ್ಯ ಅವನೇ, ಹಗ್ಗವೂ ಅದೇ. ವ್ಯತ್ಯಾಸ ಸಡಿಲದಲ್ಲಿದೆ. ಆದ್ದರಿಂದ ಹಗ್ಗವನ್ನು ಯಾವಾಗಲೂ ಬಿಗಿಯಾಗಿ, ಸೊಂಟಕ್ಕಿಂತ ಮೇಲಿನ ಜಾಗಕ್ಕೆ ಕಟ್ಟಿರಬೇಕು. ಕಾಲಿನ ಮಟ್ಟಕ್ಕೆ ಕಟ್ಟಿದರೆ ಹಗ್ಗದ ಎರಡು ಪಾಲು ಉದ್ದ ಬೀಳುತ್ತೀರಿ.

ಕಲಿಯಬೇಕಾದ ಮೂರು ಗಂಟುಗಳು

ಗಂಟು ಹಲವು ಬಗೆ. ಮರ ಏರುವವರಿಗೆ ಮೂರು ಚೆನ್ನಾಗಿ ಬಂದರೆ ಸಾಕು. ಆದರೆ ಆ ಮೂರೂ ಕಣ್ಣು ಮುಚ್ಚಿ ಹಾಕುವಷ್ಟು ಬರಬೇಕು.

ಮೊದಲನೆಯದು ಎಂಟರ ಗಂಟು. ಹಗ್ಗದ ತುದಿಯಿಂದ ಒಂದು ಮಾರು ಬಿಟ್ಟು, ಇಂಗ್ಲಿಷಿನ 8ರ ಆಕಾರದಲ್ಲಿ ಸಡಿಲವಾದ ಗಂಟು ಹಾಕಿ. ತುದಿಯನ್ನು ಹಾರ್ನೆಸ್ಸಿನ ಬಳೆಯೊಳಗೆ ತೂರಿಸಿ, ಬಂದ ದಾರಿಯಲ್ಲೇ ಗಂಟಿನ ಜಾಡು ಹಿಡಿದು ಹಿಂದಕ್ಕೆ ತನ್ನಿ. ಎರಡೆರಡು ಎಳೆ ಜೊತೆಯಾಗಿ ಸಾಗಿರಬೇಕು. ತುದಿ ಒಂದು ಗೇಣಾದರೂ ಹೊರಗಿರಬೇಕು. ಇದು ಜಾರುವುದಿಲ್ಲ, ಸರಿಯಾಗಿದೆಯೋ ಇಲ್ಲವೋ ಎಂದು ಇನ್ನೊಬ್ಬರೂ ನೋಡಿ ಹೇಳಬಹುದು.

ಎರಡನೆಯದು ಪ್ರುಸಿಕ್ ಗಂಟು. ಕಾರ್ಲ್ ಪ್ರುಸಿಕ್ ಎಂಬ ಆಸ್ಟ್ರಿಯದ ಪರ್ವತಾರೋಹಿ 1931ರಲ್ಲಿ ಇದನ್ನು ಪ್ರಚುರಪಡಿಸಿದ. ದಪ್ಪ ಹಗ್ಗದ ಸುತ್ತ ಅದಕ್ಕಿಂತ ತೆಳ್ಳಗಿನ ಹಗ್ಗದ ಕುಣಿಕೆಯನ್ನು ಅದರೊಳಗೇ ತೂರಿಸಿ ಮೂರು ಸುತ್ತು ಸುತ್ತುವುದು. ಭಾರ ಬೀಳದಿದ್ದಾಗ ಕೈಯಿಂದ ಮೇಲೆ ಕೆಳಗೆ ಸರಿಸಬಹುದು. ಭಾರ ಬಿದ್ದ ಕ್ಷಣ ಬಿಗಿದುಕೊಂಡು ನಿಲ್ಲುತ್ತದೆ. ಸುತ್ತುಗಳು ಒಂದರ ಮೇಲೊಂದು ಹತ್ತದೆ ಸಾಲಾಗಿ ಕೂತಿರಬೇಕು.

ಮೂರನೆಯದು ಕಾಂಡದ ಬಿಗಿಗಂಟು. ಬರಿದೇ ಕಾಂಡದ ಸುತ್ತ ಹಾಕಿದ ಬಳೆ ಅಡಿಕೆಯಂಥ ನುಣುಪು ಮರದಲ್ಲಿ ಸರ್ರನೆ ಕೆಳಗೆ ಜಾರುತ್ತದೆ. ಅದಕ್ಕೆ ಬದಲಾಗಿ ಕುಣಿಕೆಯನ್ನು ಕಾಂಡಕ್ಕೆ ಎರಡು ಮೂರು ಸುತ್ತು ಹಾಕಿ, ಅದೇ ಕುಣಿಕೆಯೊಳಗಿನಿಂದ ಹೊರಕ್ಕೆ ಎಳೆಯಿರಿ. ನಿಮ್ಮ ಭಾರವೇ ಅದನ್ನು ಕಾಂಡಕ್ಕೆ ಬಿಗಿಯುತ್ತದೆ. ಪ್ರತಿ ಮರದಲ್ಲಿಯೂ ನೆಲದಿಂದ ಎರಡು ಅಡಿ ಎತ್ತರದಲ್ಲಿ ಪೂರ್ತಿ ಭಾರ ಬಿಟ್ಟು ತೂಗಿ ನೋಡಿ. ಅಲ್ಲಿ ಜಾರಿದರೆ ಮೇಲೂ ಜಾರುತ್ತದೆ.

ಎಂದೂ ಮರೆಯಬಾರದ ನಿಯಮ: ಎರಡು ಹಗ್ಗ

ಹಾರ್ನೆಸ್ಸಿಗೆ ಎರಡು ಗಿಡ್ಡ ಹಗ್ಗಗಳಿರಲಿ. ಏರುವಾಗ ಒಂದನ್ನು ಮೇಲೆ ಸರಿಸುವ ತನಕ ಇನ್ನೊಂದು ಬಿಗಿಯಾಗಿರಬೇಕು. "ಹೊಸದು ಕಟ್ಟದೆ ಹಳೆಯದು ಬಿಚ್ಚಬೇಡ" ಎಂಬುದನ್ನು ಮಂತ್ರದಂತೆ ಹೇಳಿಕೊಳ್ಳಿ. ಕತ್ತಿ ಹಿಡಿದು ಕೆಲಸ ಮಾಡುವಾಗಲಂತೂ ಎರಡೂ ಕಟ್ಟಿರಲೇಬೇಕು. ಕತ್ತಿಯ ಒಂದು ಏಟಿಗೆ ಬಿಗಿಯಾದ ಹಗ್ಗ ನೂಲಿನಂತೆ ಕಡಿದುಹೋಗುತ್ತದೆ. ಎರಡೂ ಒಂದೇ ಏಟಿಗೆ ಸಿಗದಂತೆ ಮೇಲೆ ಕೆಳಗೆ ಕಟ್ಟಿಕೊಳ್ಳಿ. ಹಗ್ಗವನ್ನು ಕಾಂಡಕ್ಕೇ ಕಟ್ಟಬೇಕು. ಸೋಗೆಗೆ, ಹಾಳೆಗೆ ಎಂದೂ ಕಟ್ಟಬೇಡಿ. ಇಂದು ಗಟ್ಟಿಯಾಗಿ ಕಾಣುವ ಹಾಳೆ ನಾಳೆ ತಾನಾಗಿ ಕಳಚಿ ಬೀಳುವಂಥದ್ದು.

ಮದ್ದು ಹೊಡೆಯಲು ಹೆಚ್ಚು ಹೊತ್ತು ಮೇಲಿರಬೇಕಾದರೆ ಇನ್ನೊಂದು ಒಳ್ಳೆಯ ಏರ್ಪಾಡು ಇದೆ. ತುದಿಯ ಹತ್ತಿರ ಕಾಂಡಕ್ಕೆ ಬಿಗಿಗಂಟು ಹಾಕಿ, ಬೀಗವಿರುವ ಉಕ್ಕಿನ ಕೊಕ್ಕೆಯನ್ನು ಸಿಕ್ಕಿಸಿ, ಅದರೊಳಗೆ ಉದ್ದ ಹಗ್ಗವನ್ನು ಹಾಯಿಸಿ. ಒಂದು ತುದಿ ನಿಮ್ಮ ಹಾರ್ನೆಸ್ಸಿಗೆ. ಇನ್ನೊಂದು ಕೆಳಗೆ ಬಂದು ಪಕ್ಕದ ಗಟ್ಟಿ ಮರದ ಬುಡಕ್ಕೆ ಎರಡು ಮೂರು ಸುತ್ತು ಸುತ್ತಿ ಕೆಳಗಿನವನ ಕೈಯಲ್ಲಿರಲಿ. ಸುತ್ತುಗಳ ತಿಕ್ಕಾಟದಿಂದಾಗಿ ಮೇಲಿನವನ ಭಾರದ ಸಣ್ಣ ಪಾಲು ಮಾತ್ರ ಕೆಳಗಿನವನ ಕೈಗೆ ಬರುತ್ತದೆ. ಐವತ್ತು ಅಡಿಯ ಮರಕ್ಕೆ 40 ಮೀಟರ್ ಹಗ್ಗ ಬೇಕಾದೀತು. ಇದರ ದೊಡ್ಡ ಲಾಭವೆಂದರೆ, ಮೇಲಿನವನಿಗೆ ತಲೆ ಸುತ್ತಿದರೂ, ಕಣಜ ಕಚ್ಚಿದರೂ, ಕೆಳಗಿನವ ನಿಧಾನವಾಗಿ ಹಗ್ಗ ಬಿಟ್ಟು ಅವನನ್ನು ನೆಲಕ್ಕೆ ಇಳಿಸಬಹುದು. ಆಗ ಮೇಲೆ ಕಾಂಡಕ್ಕೆ ಕಟ್ಟಿದ ಗಿಡ್ಡ ಹಗ್ಗ ಬಿಚ್ಚಲು ಸುಲಭವಾಗಿರಬೇಕು ಎಂಬುದನ್ನೂ ಮೊದಲೇ ಯೋಚಿಸಿರಿ.

ಮರದಿಂದ ಮರಕ್ಕೆ ದಾಟುವುದು

ಕೊನೆಗೌಡರ ಕಸುಬಿನ ಕಳಶವೆಂದರೆ ಮರವನ್ನು ತೂಗಿ ಪಕ್ಕದ ಮರಕ್ಕೆ ದಾಟುವುದು. ಮರದಿಂದ ಮರಕ್ಕೆ 9 ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಹೀಗೆ ದಾಟಿದರೆ ಪ್ರತಿಸಲ ಇಳಿದು ಏರುವ ಶ್ರಮ ಉಳಿಯುತ್ತದೆ. ಅದಕ್ಕೇ ಒಬ್ಬರು ದಿನಕ್ಕೆ ಅಷ್ಟೊಂದು ಮರದ ಕೆಲಸ ಮುಗಿಸುವುದು. ಆದರೆ ದೇಹ ಎರಡು ಮರಗಳ ನಡುವೆ ಇರುವ ಆ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆ. ಸುರಕ್ಷತೆಯ ದೃಷ್ಟಿಯಿಂದ ದಾಟದೆ ಇಳಿದು ಏರುವುದೇ ಉತ್ತಮ. ದಾಟಲೇಬೇಕೆಂದರೆ ಒದ್ದೆ ಮರದಲ್ಲಿ, ಗಾಳಿಯಲ್ಲಿ, ದಿನದ ಕೊನೆಯ ದಣಿವಿನಲ್ಲಿ ದಾಟಬೇಡಿ. ಎದುರಿನ ಮರವನ್ನು ಕೊಕ್ಕೆಯಿಂದ ಎಳೆದು, ಅದಕ್ಕೆ ಎರಡನೆಯ ಹಗ್ಗ ಬಿಗಿದ ಮೇಲೆಯೇ ಮೊದಲನೆಯದನ್ನು ಬಿಚ್ಚಿ. ತೋಟದ ಯಜಮಾನರಲ್ಲಿ ನನ್ನ ವಿನಂತಿ: ಮರದ ಲೆಕ್ಕದಲ್ಲಿ ಮಾತ್ರ ಕೂಲಿ ಕೊಟ್ಟರೆ ಅವಸರಕ್ಕೆ ನೀವೇ ಬಹುಮಾನ ಕೊಟ್ಟಂತಾಗುತ್ತದೆ. ಹಗ್ಗ ಕಟ್ಟಿ ಬಿಚ್ಚುವ ಸಮಯವೂ ಕೂಲಿಯಲ್ಲಿ ಸೇರಿರಲಿ.

ಕೆಳಗೆ ನಿಂತವರ ಹೊಣೆ

ಒಬ್ಬಂಟಿಯಾಗಿ ಯಾರೂ ಮರ ಏರಬಾರದು. ಕೆಳಗೊಬ್ಬ ಇರಲೇಬೇಕು, ಅವನ ಗಮನ ಮೇಲಿರಬೇಕು. ಓರೆಯಾಗಿ ಹಿಡಿದ ಹಗ್ಗದ ಮೇಲೆ ಗೊನೆಯನ್ನು ಜಾರಿಸಿ ಇಳಿಸುವಾಗ ಆ ಹಗ್ಗದ ಮೇಲಿನ ತುದಿ ಮರಕ್ಕೆ ಕಟ್ಟಿರಬೇಕೇ ಹೊರತು ಏರಿದವರ ಸೊಂಟಕ್ಕಲ್ಲ. ಕೆಳಗಿನವ ಕಾಲು ಜಾರಿ ಹಗ್ಗ ಎಳೆದರೆ ಮೇಲಿನವನ ತೋಲ ತಪ್ಪುತ್ತದೆ. ಕೊಯ್ಯುವ ಮೊದಲು ಮೇಲಿನವರು ಕೂಗಬೇಕು. ಕೆಳಗಿನವರು ಮರುಕೂಗು ಕೊಟ್ಟ ಮೇಲೆಯೇ ಕತ್ತಿ ಆಡಬೇಕು. ಆಯ್ಯಲು ಬಂದ ಹೆಂಗಸರು, ಮಕ್ಕಳು ಆ ಮರದ ಕೆಳಗೆ ಸುಳಿಯಬಾರದು. ಕೈತಪ್ಪಿದ ಕತ್ತಿಗೆ ಯಾರ ತಲೆ ಎಂಬುದು ತಿಳಿಯದು. ಕತ್ತಿಗೂ ಒಂದು ದಾರ ಕಟ್ಟಿ ಹಾರ್ನೆಸ್ಸಿಗೆ ಸಿಕ್ಕಿಸಿ.

ಅವಘಡ ನಡೆದರೆ

ಹಗ್ಗದಲ್ಲಿ ಅಲ್ಲಾಡದೆ ತೂಗುತ್ತಿರುವ ಮನುಷ್ಯ ಬಚಾವಾದನೆಂದು ನಿರಾಳವಾಗಬೇಡಿ. ಪಟ್ಟಿಗಳು ತೊಡೆಯನ್ನು ಒತ್ತಿ, ರಕ್ತ ಕಾಲುಗಳಲ್ಲೇ ನಿಂತು, ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಎಚ್ಚರವಿದ್ದರೆ ಕಾಲಿನಿಂದ ಕಾಂಡವನ್ನು ಒದೆಯುತ್ತಾ ಇರಲು ಹೇಳಿ, ಬೇಗ ಇಳಿಸಿ.

ನೆಲಕ್ಕೆ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ, ಕೂರಿಸಬೇಡಿ, ನೀರು ಕುಡಿಸಬೇಡಿ. ಪ್ರೀತಿಯಿಂದ ಮಾಡಿದ ಈ ಕೆಲಸಗಳೇ ಮುರಿದ ಮೂಳೆಯ ಚೂರನ್ನು ನರಹುರಿಗೆ ಚುಚ್ಚಿ ಜೀವನಪೂರ್ತಿ ಮಲಗಿಸಬಹುದು. ತಲೆ, ಕುತ್ತಿಗೆ ಅಲುಗದಂತೆ ಒಬ್ಬರು ಹಿಡಿದಿರಲಿ. ರಕ್ತ ಸುರಿಯುತ್ತಿದ್ದರೆ ಬಟ್ಟೆ ಒತ್ತಿ ಹಿಡಿಯಿರಿ. 108ಕ್ಕೆ ಕರೆ ಮಾಡಿ. ಸಾಗಿಸಲೇಬೇಕಾಗಿ ಬಂದರೆ ನಾಲ್ಕೈದು ಜನ ಸೇರಿ, ತಲೆಯಿಂದ ಕಾಲಿನವರೆಗೆ ಒಂದೇ ಗೆರೆಯಲ್ಲಿರುವಂತೆ ಮರದ ದಿಮ್ಮಿಯನ್ನು ಹೊರಳಿಸಿದ ಹಾಗೆ ಒಟ್ಟಿಗೆ ಹೊರಳಿಸಿ, ಹಲಗೆಯ ಮೇಲೋ ಬಾಗಿಲ ಕದದ ಮೇಲೋ ಮಲಗಿಸಿ ಒಯ್ಯಿರಿ. ತೋಟಕ್ಕೆ ವಾಹನ ಯಾವ ದಾರಿಯಲ್ಲಿ ಬರುತ್ತದೆ, ಫೋನಿನ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದು ಕೆಲಸ ಶುರು ಮಾಡುವ ಮೊದಲೇ ಎಲ್ಲರಿಗೂ ತಿಳಿದಿರಲಿ.

ವಿಮೆ ಮತ್ತು ತರಬೇತಿ

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಲ್ಲಿ ಆರಂಭವಾಯಿತು. 18ರಿಂದ 70 ವಯಸ್ಸಿನವರು ತಮ್ಮ ಬ್ಯಾಂಕ್ ಖಾತೆಯ ಮೂಲಕ ಸೇರಬಹುದು. 2022ರ ಜೂನ್‌ನಿಂದ ವರ್ಷದ ಕಂತು 20 ರೂಪಾಯಿ. ಅಪಘಾತದಲ್ಲಿ ಮರಣ ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ ರೂಪಾಯಿ. ಜೂನ್ ಒಂದರಿಂದ ಮೇ ಕೊನೆಯವರೆಗೆ ಅದರ ವರ್ಷ, ಅಂದರೆ ನಮ್ಮ ಮದ್ದಿನ ಕೆಲಸ ಶುರುವಾಗುವ ಹೊತ್ತಿಗೇ ಅದರ ನವೀಕರಣ. ಖಾತೆಯಲ್ಲಿ ಹಣವಿಲ್ಲದೆ ಕಂತು ತಪ್ಪಿಹೋಗಿರುವುದೂ ಉಂಟು. ವಿಚಾರಿಸಿಕೊಳ್ಳಿ. ತೆಂಗಿನ ಮರ ಏರುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಪ್ರತ್ಯೇಕ ವಿಮೆ, ಕೇರ ಸುರಕ್ಷಾ, ಇದೆ.

ಈ ವಿದ್ಯೆಯನ್ನು ಪುಸ್ತಕ ಓದಿ, ಮಾತು ಕೇಳಿ ಮಾತ್ರ ಕಲಿಯಲಾಗದು. ವಿಟ್ಲದಲ್ಲಿ 2018ರ ಡಿಸೆಂಬರಿನಲ್ಲಿ ಯುವಕರಿಗೆ ಅಡಿಕೆ ಮರ ಏರುವ ತರಬೇತಿ ಶಿಬಿರ ನಡೆದಿತ್ತು. ಅಂಥ ಶಿಬಿರಗಳು ಪ್ರತಿ ಹೋಬಳಿಯಲ್ಲಿ ನಡೆಯಬೇಕು. ನಿಮ್ಮೂರಿನ ಸಹಕಾರ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಕೇಳಿ. ನಾಲ್ಕು ಮನೆಯವರು ಕೂಡಿ ಎರಡು ಹಾರ್ನೆಸ್, ಒಂದು ಉದ್ದ ಹಗ್ಗ, ನಾಲ್ಕು ಕೊಕ್ಕೆ ಕೊಂಡರೂ ಆದೀತು. ಕೊಂಡದ್ದನ್ನು ಅಟ್ಟದಲ್ಲಿ ಇಡದೆ, ಮೊದಲು ಆಳೆತ್ತರದಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿ, ಆಮೇಲೆ ಮೇಲಕ್ಕೆ ಹೋಗಿ.

ಕೊಳೆರೋಗದಿಂದ ಹೋದ ಅಡಿಕೆ ಮುಂದಿನ ವರ್ಷ ಮತ್ತೆ ಬಿಡುತ್ತದೆ. ಮರ ಏರಿದವರು ಸಂಜೆ ಮನೆಗೆ ನಡೆದುಕೊಂಡೇ ಹೋಗಬೇಕು. ಈ ಸಲ ತೋಟಕ್ಕೆ ಮದ್ದಿನ ಡ್ರಮ್ ತರುವ ಮೊದಲು ಹಗ್ಗವನ್ನು ಒಮ್ಮೆ ಬಿಚ್ಚಿ ನೋಡಿ.